ದಾರಿ ಬಿಡುವ ಜಾಗ

ಮೊದಲು ಹೋದದ್ದು ಕೆಳಗಿನ ಮೆಟ್ಟಿಲು. ಅದು ಒಡೆಯಲಿಲ್ಲ, ಬಿರುಕು ಬಿಡಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಇರಲಿಲ್ಲ. ಅದಿದ್ದ ಕಡೆ ಬೀದಿ ಇತ್ತು. ಆಮೇಲೆ ಮೇಲಿನ ಮೆಟ್ಟಿಲು ಹೋಯಿತು. ಆಮೇಲೆ ಜಗಲಿ. ನನ್ನ ಗಂಡ ಪಂಪಾಪತಿ ಸತ್ತು ವರ್ಷ ತುಂಬುವ ಹೊತ್ತಿಗೆ ಬೀದಿ ನಮ್ಮ ಹೊಸ್ತಿಲಿಗೆ ಬಂದು ತಾಗಿತ್ತು. ಅಲ್ಲಿಂದ ಮುಂದೆ ಪಡಸಾಲೆಯೇ ಹಿಂದೆ ಸರಿಯತೊಡಗಿತು.

ನಮ್ಮ ಊರಿನ ಬೀದಿಗಳು ಕಾಲು ಬಿದ್ದಲ್ಲಿ ಕಿರಿದಾಗುತ್ತವೆ, ಬೀಳದಲ್ಲಿ ಅಗಲವಾಗುತ್ತವೆ. ಯಾರ ಮನೆಯ ಮುಂದಿನ ಬೀದಿಯೋ ಅದು ಆ ಮನೆಯವರ ಕಾಲಿಗೆ ಮಾತ್ರ ಬಗ್ಗುತ್ತದೆ. ದಾರಿಹೋಕರು ಎಷ್ಟು ಜನ ನಡೆದರೂ ಬೀದಿ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಬೆಳಿಗ್ಗೆ ಕಾಫಿ ಕುಡಿದವರು ಬಾಗಿಲ ಮುಂದೆ ನಾಲ್ಕು ಸಲ ಆಚೆ ಈಚೆ ನಡೆದು ಒಳಗೆ ಹೋಗುತ್ತಾರೆ. ಅದಕ್ಕೆ ತುಳಿತ ಎನ್ನುತ್ತೇವೆ. ಸೊಸೆ ಮನೆ ತುಂಬಿದ ಮರುದಿನ ಅವಳನ್ನೂ ಗಂಡನ ಜೊತೆ ತುಳಿಸುತ್ತಾರೆ, ಬೀದಿಗೆ ಅವಳ ಕಾಲಿನ ಗುರುತು ಸಿಗಲಿ ಎಂದು. ಹೆಣ್ಣು ಕೊಡುವವರು ಬಂದರೆ ಬಾಗಿಲು ನೋಡುವ ಮುಂಚೆ ಬೀದಿ ನೋಡುತ್ತಾರೆ. ಅಗಲವಾಗಿದ್ದರೆ ಕಾಫಿ ಕುಡಿದು ಎದ್ದು ಹೋಗುತ್ತಾರೆ.

ನಮ್ಮ ಮನೆಯಲ್ಲಿ ತುಳಿಯುತ್ತಿದ್ದವನು ಪಂಪಾಪತಿ. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ. ನಾನು ಅದೇ ಕಾಲೇಜಿನ ಲೈಬ್ರರಿಯಲ್ಲಿದ್ದೆ, ಈಗಲೂ ಇದ್ದೇನೆ. ನಾವಿಬ್ಬರು ಭೇಟಿಯಾದದ್ದು ವಿಶ್ವವಿದ್ಯಾಲಯದಲ್ಲಿ. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಅವನು ಸತ್ತ ತಿಂಗಳು ಪಕ್ಕದ ಮನೆಯ ನೀಲಕ್ಕನವರು ಮನೆಮಂದಿಯೆಲ್ಲ ಮಗಳ ಮದುವೆಗೆಂದು ಪರವೂರಿಗೆ ಹೋಗಿದ್ದರು. ಅವರ ಬಾಗಿಲ ಮುಂದೆ ಬೀದಿ ಬಿಚ್ಚಿಕೊಂಡಿತ್ತು. ಇಟ್ಟಿಗೆ ತುಂಬಿದ ಲಾರಿಯೊಂದು ಅಷ್ಟು ಜಾಗದಲ್ಲೇ ವೇಗ ಹಿಡಿಯಿತು, ನಮ್ಮ ಬಾಗಿಲ ಮುಂದೆ ಅದಕ್ಕೆ ನಿಲ್ಲಲಾಗಲಿಲ್ಲ. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಅವನು ತುಳಿತ ಮುಗಿಸಿ ಬರಬೇಕಿತ್ತು.

ಅದಾದ ಮೇಲೆ ನನಗೆ ಮುಂಬಾಗಿಲಿನಿಂದ ಆಚೆ ಕಾಲಿಡಲಾಗಲಿಲ್ಲ. ವ್ರತವಲ್ಲ, ಭಯವೂ ಅಲ್ಲ. ಆಗಲಿಲ್ಲ, ಅಷ್ಟೆ. ಹಿತ್ತಲಿನಲ್ಲಿ ಚರಂಡಿ ಓಣಿಗೆ ಒಂದು ಸಣ್ಣ ಬಾಗಿಲಿದೆ. ಕಾಲೇಜಿಗೆ ಅಲ್ಲಿಂದ ಹೋಗುತ್ತಿದ್ದೆ, ಅಲ್ಲಿಂದ ಬರುತ್ತಿದ್ದೆ. ಆ ಓಣಿ ಯಾರ ಮನೆಯ ಮುಂದೂ ಅಲ್ಲ, ಅದಕ್ಕೆ ಯಾವ ಕಾಲಿನ ಹಂಗೂ ಇಲ್ಲ.

ಬೀದಿಯಲ್ಲಿ ಸಭೆ ಶುರುವಾದದ್ದು ಅವನ ಸಾವಿನಿಂದಲೇ. ಹಿಟ್ಟಿನ ಗಿರಣಿಯ ಅಂಗಳದಲ್ಲಿ ಭಾನುವಾರ ಸೇರುತ್ತಿದ್ದರು, ಮನೆಗೊಂದು ಮಾತು. ರೇಷ್ಮೆ ಇಲಾಖೆಯಿಂದ ನಿವೃತ್ತರಾದ ಗುರುಪಾದಪ್ಪನವರು ಅಧ್ಯಕ್ಷರು. ಒಳ್ಳೆಯ ಮನುಷ್ಯ, ಸುಮ್ಮನೆ ಕೂರಲು ಮಾತ್ರ ಬಾರದು. ಇನ್ನು ಈ ಬೀದಿಯಲ್ಲಿ ಒಂದು ಮಗುವಿಗೂ ಕೂದಲು ಕೊಂಕಬಾರದು, ಯಾವ ವಾಹನವೂ ಓಡಬಾರದು, ತೆವಳಬೇಕು ಎಂದು ಅವರು ಪಣ ತೊಟ್ಟರು. ಎಲ್ಲ ಮನೆಯವರೂ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತುಳಿಯಬೇಕು. ಹಾಸಿಗೆ ಹಿಡಿದವರನ್ನು ಬಿಟ್ಟು ಯಾರಿಗೂ ವಿನಾಯಿತಿ ಇಲ್ಲ.

ಕಿಟಕಿಯಿಂದ ನಾನು ನೋಡುತ್ತಿದ್ದೆ. ಸಂಜೆ ಬೀದಿಯುದ್ದಕ್ಕೂ ಜನ ಗಾಣದ ಎತ್ತುಗಳ ಹಾಗೆ ತಮ್ಮ ತಮ್ಮ ಬಾಗಿಲ ಮುಂದೆ ತಿರುಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ತುಳಿದವಳು ನೀಲಕ್ಕ. ಮೊಮ್ಮಗುವನ್ನು ಸೊಂಟಕ್ಕೇರಿಸಿಕೊಂಡು, ಅವರೆಕಾಯಿ ಬಿಡಿಸುತ್ತ, ಸೊಸೆಯನ್ನು ಬಯ್ಯುತ್ತ ತುಳಿಯುತ್ತಿದ್ದಳು. ನಮ್ಮ ಬಾಗಿಲ ಕಡೆಗೆ ತಿರುಗುವಾಗ ಮಾತ್ರ ಬಾಯಿ ಮುಚ್ಚಿರುತ್ತಿತ್ತು.

ಬೀದಿ ಕಿರಿದಾಯಿತು. ಮಕ್ಕಳು ನಡುಬೀದಿಯಲ್ಲಿ ಗೋಲಿಯಾಡಿದರು. ಮುದುಕರು ಎದುರು ಮನೆಯವರ ಜೊತೆ ದನಿಯೆತ್ತದೆ ಹರಟೆ ಹೊಡೆಯುವ ಹಾಗಾಯಿತು. ಸೊಪ್ಪಿನ ತಳ್ಳುಗಾಡಿಯ ಖಾಜಾಬಿ, "ಈಗ ನನ್ನ ಬೆನ್ನ ಹಿಂದೆ ಯಾರೂ ಹಾರನ್ ಹೊಡೆಯಲ್ಲಮ್ಮ, ಬೀದಿಯಲ್ಲಿ ನಾನೇ ದೊಡ್ಡ ಗಾಡಿ" ಎಂದು ನಗುತ್ತಿದ್ದಳು. ಅವಳ ನಗುವನ್ನು ನಾನು ಕೇಳುತ್ತಿದ್ದದ್ದು ಒಳಗಿನಿಂದ.

ನಮ್ಮ ಮನೆಯ ಮುಂದೆ ಮಾತ್ರ ಬೀದಿ ಹೊಟ್ಟೆ ಬಿಟ್ಟುಕೊಂಡು ನಿಂತಿತು. ಇಡೀ ಹಾದಿಗೆ ಅದೊಂದೇ ಅಗಲ. ಮಾತು ಬಂತು. "ಎಂ.ಎ. ಓದಿದವರು. ನಾಲ್ಕು ಹೆಜ್ಜೆ ಇಡೋಕೆ ಯಾವ ಪಾಠ ಬೇಕಂತೆ?" ಗಿರಣಿಯ ಮುಂದೆ ಯಾರೋ ಅಂದದ್ದು ಹಿಟ್ಟಿನ ಜೊತೆ ನಮ್ಮ ಮನೆಗೂ ಬಂತು. ನೀಲಕ್ಕ ಹಿತ್ತಲಿನಿಂದ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು.

"ಇಂದುಮತಿ, ಒಂದು ಸಲ ಬಾರವ್ವ. ನನ್ನ ಕೈ ಹಿಡ್ಕೊ. ಕಣ್ಣು ಮುಚ್ಕೊಂಡಾದ್ರೂ ಬಾ."

"ಆಗೋದಿಲ್ಲ ನೀಲಕ್ಕ."

"ನಾವು ಊರಲ್ಲಿ ಇದ್ದಿದ್ರೆ..." ಎಂದು ಶುರು ಮಾಡಿದಳು.

"ಅದು ಬೇಡ," ಎಂದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ತಂದಿದ್ದ ಸಾರಿನ ಪಾತ್ರೆ ಇಟ್ಟು ಹೋದಳು.

ತುಳಿತ ಅತಿಯಾಯಿತೆಂದು ತಿಳಿಯಲು ಮಳೆಗಾಲ ಬರಬೇಕಾಯಿತು. ಬೀದಿ ಎಷ್ಟು ಕಿರಿದಾಗಿತ್ತೆಂದರೆ ಆಟೊ ಕನ್ನಡಿ ಮಡಚಿಕೊಂಡು ನುಗ್ಗಬೇಕು. ಎದುರಿನಿಂದ ಇನ್ನೊಂದು ಬಂದರೆ ಮುಗಿಯಿತು, ಒಬ್ಬರು ಸಂತೆಯ ಮೂಲೆಯವರೆಗೆ ಹಿಂದಕ್ಕೆ ಹೋಗಬೇಕು. ಯಾರು ಹೋಗಬೇಕೆಂದು ಜಗಳ. ಓಡುವ ಗಾಡಿಯ ಭಯ ಹೋಗಿ ಹಿಂದಕ್ಕೆ ಬರುವ ಗಾಡಿಯ ಭಯ ಬಂತು. ಗಾಲಿಕುರ್ಚಿಯಲ್ಲಿ ಶಾಲೆಗೆ ಹೋಗುವ ಹುಡುಗಿಯೊಬ್ಬಳು ಟೆಂಪೋಗೂ ಗೋಡೆಗೂ ನಡುವೆ ಸಿಕ್ಕಿ ಅಳುತ್ತ ಕೂತದ್ದನ್ನು ನಾನೇ ನೋಡಿದೆ.

ಹೀಗಿರುವಾಗ ನೀಲಕ್ಕನ ಮಾವ ತಿಪ್ಪಣ್ಣಜ್ಜನಿಗೆ ಎದೆನೋವು ಬಂತು. ಆಟೊದಲ್ಲಿ ಹಾಕಿಕೊಂಡು ಹೊರಟರು. ಎದುರಿಗೆ ಹಾಲಿನ ವ್ಯಾನು, ವ್ಯಾನಿನ ಹಿಂದೆ ಮತ್ತೆರಡು ಗಾಡಿ. ಜನ ಕೂಗಿದರು, ನೀಲಕ್ಕ ಎದೆ ಬಡಿದುಕೊಂಡಳು. ಯಾರೋ ವ್ಯಾನಿನವನಿಗೆ "ಇಂದುಮತಿಯವರ ಮನೆ ಮುಂದೆ ಹಾಕೋ, ಅಲ್ಲಿ ಹಾಕೋ!" ಎಂದರು. ವ್ಯಾನು ನಮ್ಮ ಬಾಗಿಲಿಗೆ ಮೈ ಒತ್ತಿಕೊಂಡು ನಿಂತಿತು, ಉಳಿದವೂ ಅದರ ಬೆನ್ನಿಗೆ ತೂರಿಕೊಂಡವು. ಆಟೊ ಪಾರಾಯಿತು. ಅಜ್ಜ ಬದುಕಿದ. ಬಾಗಿಲ ಸಂದಿನಿಂದ ಪಡಸಾಲೆಯೊಳಗೆ ಹಾಲಿನ ವಾಸನೆ, ಡೀಸೆಲ್ ವಾಸನೆ ಬಂದು ಸಂಜೆಯವರೆಗೂ ಹೋಗಲಿಲ್ಲ.

ಆ ಭಾನುವಾರ ಗುರುಪಾದಪ್ಪನವರೇ ಹಿತ್ತಲ ಬಾಗಿಲಿಗೆ ಬಂದರು. ಜೊತೆಗೆ ಇನ್ನೂ ಮೂವರು. ಅವರಿಗೆ ಓಣಿಯ ಅಭ್ಯಾಸವಿರಲಿಲ್ಲ, ಪಂಚೆ ಎತ್ತಿ ಹಿಡಿದಿದ್ದರು.

"ನೋಡಮ್ಮ, ನಿನ್ನನ್ನ ಆಡಿಕೊಂಡಿದ್ದು ನಮ್ಮ ತಪ್ಪು. ನೀನು ತುಳಿಯದೆ ಇದ್ದದ್ದು ದೇವರು ಮಾಡಿಸಿದ್ದು. ಬೀದಿ ಸಣ್ಣದಾಗಿರಬೇಕು, ನಡುವೆ ಒಂದು ಕಡೆ ಗಾಡಿ ಸರಿದು ನಿಲ್ಲೋಕೆ ಜಾಗವೂ ಇರಬೇಕು. ಆ ಜಾಗ ನಿನ್ನ ಮನೆ ಮುಂದೆ ತಾನಾಗೇ ಆಗಿದೆ. ಸಭೆ ಒಪ್ಪಿದೆ. ನೀನು ಮುಂದೆಯೂ ಹೀಗೇ ಇದ್ದರೆ ಸಾಕು."

"ಹೀಗೇ ಅಂದರೆ?"

"ಹೀಗೇ. ಈಗ ಹೇಗಿದೀಯೋ ಹಾಗೆ." ಅವರು ಹಿತ್ತಲ ಬಾಗಿಲನ್ನು ಒಮ್ಮೆ ನೋಡಿದರು. "ಹೇಗೂ ನಿನಗೆ ಇದು ರೂಢಿಯಾಗಿದೆ."

ನಾನು ಆಗಲಿ ಎಂದೆ. ಆ ಹೊತ್ತಿಗೆ ನನಗೆ ಯಾವುದಕ್ಕೂ ಆಗಲಿ ಎನ್ನುವುದೇ ಸುಲಭವಾಗಿತ್ತು.

ಮರುವಾರ ನಮ್ಮ ಹೊಸ್ತಿಲಿನ ಹೊರಗೆ ಹಳದಿ ಪಟ್ಟೆ ಎಳೆದರು. ಗೋಡೆಗೆ ಒಂದು ಫಲಕ ಬಂತು: 'ದಿ. ಪಂಪಾಪತಿ ಸ್ಮರಣಾರ್ಥ ದಾರಿ ಬಿಡುವ ಜಾಗ'. ಹೆಂಗಸರು ಹಿತ್ತಲಿನಿಂದ ಒಬ್ಬಟ್ಟು, ಹುಳಿಯನ್ನ ತಂದುಕೊಟ್ಟರು. ನಿನ್ನ ತ್ಯಾಗ ದೊಡ್ಡದು ಕಣೆ ಎಂದರು. ಒಬ್ಬಾಕೆ ನನ್ನ ಗಲ್ಲ ಮುಟ್ಟಿ, "ಚಿಕ್ಕ ವಯಸ್ಸು, ಆದರೂ ಎಷ್ಟು ಗಂಭೀರ ನೋಡು" ಎಂದಳು. ಗಾಡಿಗಳು ಬಾಗಿಲ ಮುಂದೆ ಸರಿದು ನಿಲ್ಲುವುದು, ಇನ್ನೊಂದು ದಾಟುವುದು, ಡ್ರೈವರುಗಳು ಒಬ್ಬರಿಗೊಬ್ಬರು ಕೈ ಎತ್ತುವುದು ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆಯುತ್ತಿತ್ತು. ಬೀದಿಯಲ್ಲಿ ಯಾರಿಗೂ ಗಾಯವಾಗಲಿಲ್ಲ. ಗಾಲಿಕುರ್ಚಿಯ ಹುಡುಗಿ ಒಬ್ಬಳೇ ಶಾಲೆಗೆ ಹೋಗತೊಡಗಿದಳು. ಯೋಜನೆ ಒಳ್ಳೆಯದಿತ್ತು. ಅದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ.

ಪಡಸಾಲೆ ಮಾತ್ರ ಸರಿಯುತ್ತಲೇ ಇತ್ತು. ಮೊದಲು ಕುರ್ಚಿ ಎತ್ತಿ ಒಳಗಿಟ್ಟೆ. ಆಮೇಲೆ ಮಂಚ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡಿತು, ಅಡ್ಡಡ್ಡ ನಡೆದು ಬೀರುವಿನ ಹತ್ತಿರ ಹೋಗಬೇಕಾಯಿತು. ಬೀರುವಿನಲ್ಲಿ ಅವನ ಅಂಗಿಗಳಿದ್ದವು. ವರ್ಷದಿಂದ ಅದನ್ನು ನಾನು ತೆರೆದಿರಲಿಲ್ಲ. ಒಂದು ದಿನ ಏಕೋ ಕೈ ಹಾಕಿದೆ. ಬಾಗಿಲು ಒಂದು ಗೇಣು ತೆರೆದು ಮಂಚಕ್ಕೆ ಬಡಿದು ನಿಂತಿತು. ಒಳಗೆ ಕೈ ಹೋಗುತ್ತಿತ್ತು, ಅಂಗಿ ಹೊರಗೆ ಬರುತ್ತಿರಲಿಲ್ಲ. ಬೆರಳಿಗೆ ಒಂದು ತೋಳು ಸಿಕ್ಕಿತು. ಎಳೆದೆ. ಗುಂಡಿ ಎಲ್ಲೋ ಸಿಕ್ಕಿಕೊಂಡಿತ್ತು.

ಆಚೆ ಒಂದು ಟೆಂಪೋ ಬಂದು ಗೋಡೆಗೆ ಒತ್ತಿ ನಿಂತಿತು. ಡ್ರೈವರ್ ಕೆಳಗಿಳಿದು ಬೀಡಿ ಹಚ್ಚಿದ. ಅವನ ಕೆಮ್ಮು ನನ್ನ ಕಿವಿಯಲ್ಲೇ ಕೆಮ್ಮಿದ ಹಾಗಿತ್ತು. ಆಗ ಲೆಕ್ಕ ಹಾಕಿದೆ. ಮುಂದಿನ ಮಳೆಗಾಲಕ್ಕೆ ಪಡಸಾಲೆ ಇರುವುದಿಲ್ಲ. ಅದರ ಮುಂದಿನದಕ್ಕೆ ನಡುಮನೆ. ಕೊನೆಗೆ ನಾನು ಅಡುಗೆಮನೆಯಲ್ಲಿ ಚರಂಡಿ ಓಣಿಗೆ ಮುಖ ಮಾಡಿ ಕೂತಿರುತ್ತೇನೆ, ಅದಕ್ಕೆ ಅವನ ಹೆಸರಿನ ಫಲಕವಿರುತ್ತದೆ.

ಭಾನುವಾರ ಸಭೆಗೆ ಹೋದೆ. ಓಣಿಯಿಂದ ಸುತ್ತಿ ಗಿರಣಿಯ ಹಿಂಬಾಗಿಲಿನಿಂದ ಬಂದದ್ದರಿಂದ ಸೀರೆಗೆ ಹಿಟ್ಟು ಮೆತ್ತಿತ್ತು. ಎಲ್ಲರೂ ಜಾಗ ಮಾಡಿಕೊಟ್ಟರು.

"ನನ್ನ ಮನೆ ಹೋಗ್ತಾ ಇದೆ," ಎಂದೆ.

ಗುರುಪಾದಪ್ಪನವರು ತಲೆಯಾಡಿಸಿದರು. "ಗೊತ್ತಮ್ಮ. ಆದರೆ ನೀನು ಒಬ್ಬಳು. ಅಷ್ಟು ದೊಡ್ಡ ಪಡಸಾಲೆ ಏನು ಮಾಡ್ತೀಯ?"

"ದಾರಿ ಬಿಡುವ ಜಾಗ ಬೇಕು, ಸರಿ. ಅದು ಒಂದೇ ಮನೆ ಮುಂದೆ ಯಾಕೆ? ಸರದಿ ಇಡಿ. ಅಮಾವಾಸ್ಯೆಯಿಂದ ಹುಣ್ಣಿಮೆಗೆ ಒಂದು ಮನೆ, ಹುಣ್ಣಿಮೆಯಿಂದ ಅಮಾವಾಸ್ಯೆಗೆ ಇನ್ನೊಂದು. ಸರದಿ ಬಂದವರು ಮುಂಬಾಗಿಲು ಹಾಕಿ ಹಿತ್ತಲಿನಿಂದ ಓಡಾಡಲಿ. ಒಂದೇ ಪಕ್ಷದಲ್ಲಿ ಯಾರ ಪಡಸಾಲೆಯೂ ಹೋಗೋದಿಲ್ಲ. ಸರದಿ ಮುಗಿದ ಮೇಲೆ ತುಳಿದರೆ ಹೋದ ಜಗಲಿ ವಾಪಸು ಬರತ್ತೆ."

ಅಷ್ಟು ಮಾತು ನಾನು ವರ್ಷದಲ್ಲಿ ಆಡಿರಲಿಲ್ಲ. ಎಲ್ಲರೂ ಒಟ್ಟಿಗೆ ಶುರು ಮಾಡಿದರು.

"ನಮ್ಮನೇಲಿ ಒಂಬತ್ತು ಜನ ಇದೀವಿ, ಅಷ್ಟೂ ಜನ ಚರಂಡಿ ಹಾರಬೇಕಾ?"

"ಮುಂದಿನ ತಿಂಗಳು ಮಗಳನ್ನ ನೋಡೋಕೆ ಬರ್ತಾರೆ. ಬೀದಿ ಅಗಲ ಇದ್ದರೆ ಏನಂದ್ಕೋತಾರೆ?"

"ನಮ್ಮಪ್ಪ ಮುಂಬಾಗಿಲಿಂದ ಬಿಟ್ಟು ಯಾವತ್ತೂ ಹೊರಗೆ ಹೋದವರಲ್ಲ."

"ಗಂಡಸರು ಹಿತ್ತಲಿಂದ ಓಡಾಡೋದು ಅಂದರೆ..." ಎಂದ ಗಿರಣಿಯವನು ಅರ್ಧಕ್ಕೇ ನಿಲ್ಲಿಸಿದ. ಮೂಲೆಯಲ್ಲಿ ಗಾಡಿಯ ಹಿಡಿ ಹಿಡಿದು ನಿಂತಿದ್ದ ಖಾಜಾಬಿ, "ಹೇಳಣ್ಣ, ಹೇಳು. ಹೆಂಗಸರು ಓಡಾಡಿದರೆ ತ್ಯಾಗ, ಗಂಡಸರು ಓಡಾಡಿದರೆ ಏನು?" ಎಂದಳು. ಒಂದಿಬ್ಬರು ನಕ್ಕರು. ಗುರುಪಾದಪ್ಪನವರು ನಗಲಿಲ್ಲ. ಯೋಚನೆ ಮಾಡೋಣ, ಹಬ್ಬ ಕಳೆಯಲಿ ಎಂದು ಸಭೆ ಮುಗಿಸಿದರು.

ಹಬ್ಬ ಕಳೆಯುವವರೆಗೆ ನಾನು ಕಾಯಲಿಲ್ಲ. ಮರುದಿನ ಬೆಳಿಗ್ಗೆ ಮುಂಬಾಗಿಲ ಚಿಲಕ ತೆಗೆದೆ. ತುಕ್ಕು ಹಿಡಿದಿತ್ತು, ಎರಡೂ ಕೈಯಲ್ಲಿ ಎಳೆಯಬೇಕಾಯಿತು. ಹಳದಿ ಪಟ್ಟೆ ದಾಟಿದೆ.

ಏನಾದರೂ ಆಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅಂಗಾಲಿಗೆ ತಣ್ಣಗಿತ್ತು. ಅವನು ಬಿದ್ದ ಜಾಗ ಹುಡುಕಿದೆ. ಬೀದಿ ಅಷ್ಟು ಬೆಳೆದಿತ್ತಲ್ಲ, ಎಲ್ಲವೂ ಎಲ್ಲಿಂದ ಎಲ್ಲಿಗೋ ಸರಿದುಹೋಗಿತ್ತು. ಎದುರು ಮನೆಯ ದೀಪದ ಕಂಬದಿಂದ ಅಳೆದೆ. ನನ್ನ ಹೊಸ್ತಿಲಿನಿಂದ ಅಳೆದೆ. ಎರಡೂ ಬೇರೆ ಬೇರೆ ಕಡೆ ತೋರಿಸಿದವು. ವರ್ಷಕ್ಕೂ ಮೇಲೆ ನಾನು ಯಾವ ಜಾಗಕ್ಕೆ ಕಾಲಿಡಲಾರದೆ ಕೂತಿದ್ದೆನೋ ಆ ಜಾಗ ಅಲ್ಲಿರಲಿಲ್ಲ. ಎಲ್ಲಿದ್ದರೂ ಇರಬಹುದೆಂದು ಎಲ್ಲ ಕಡೆಯೂ ನಡೆದೆ.

ಸಂತೆಯ ಕಡೆಯಿಂದ ಆಟೊ ಬಂತು, ಎದುರಿನಿಂದ ಟೆಂಪೋ. ಟೆಂಪೋದವನು ರೂಢಿಯಂತೆ ನಮ್ಮ ಬಾಗಿಲ ಕಡೆಗೆ ತಿರುಗಿಸಿ, ನನ್ನನ್ನು ಕಂಡು ಬ್ರೇಕ್ ಹಾಕಿದ.

"ಅಕ್ಕಾ, ಇದು ದಾರಿ ಬಿಡೋ ಜಾಗ!"

"ಇದು ನನ್ನ ಮನೆ," ಎಂದೆ. ನಿಲ್ಲಿಸಲಿಲ್ಲ.

ಜನ ಸೇರಿದರು. ಗುರುಪಾದಪ್ಪನವರು ಬನಿಯನ್ನಿನಲ್ಲೇ ಓಡಿಬಂದರು. "ಸಭೆ ಇನ್ನೂ ತೀರ್ಮಾನ ಮಾಡಿಲ್ಲಮ್ಮ!"

"ನೀವು ತೀರ್ಮಾನ ಮಾಡಿ ಸರ್. ಅಲ್ಲಿವರೆಗೆ ನಾನು ತುಳೀತೀನಿ."

"ನಾಳೆ ಯಾರಿಗಾದರೂ ಎದೆನೋವು ಬಂದರೆ? ಆ ಪಾಪ ಯಾರಿಗೆ?"

ನಡೆಯುತ್ತಲೇ ಇದ್ದೆ. ದಿನಾ ಬೆಳಿಗ್ಗೆ, ದಿನಾ ಸಂಜೆ. ಬೀದಿ ನನ್ನ ಕಾಲನ್ನು ಮರೆತಿರಲಿಲ್ಲ. ಪಡಸಾಲೆ ಬೆರಳಷ್ಟು ಬೆರಳಷ್ಟು ಮುಂದೆ ಬಂತು. ಗಾಡಿಗಳು ಮತ್ತೆ ಎದುರುಬದುರಾಗಿ ನಿಂತವು, ಮತ್ತೆ ಜಗಳವಾಯಿತು. ಒಬ್ಬಟ್ಟು ತಂದವರು ಮುಖ ತಿರುಗಿಸಿದರು. ಗಲ್ಲ ಮುಟ್ಟಿದಾಕೆ, "ಗಂಡನನ್ನ ನುಂಗಿದ್ದು ಸಾಲದು, ಬೀದೀನೂ ನುಂಗ್ತಾಳೆ" ಎಂದಳು, ನನಗೆ ಕೇಳುವ ಹಾಗೆಯೇ. ಗಾಲಿಕುರ್ಚಿಯ ಹುಡುಗಿಯನ್ನು ಮತ್ತೆ ಅವಳಮ್ಮ ತಳ್ಳಿಕೊಂಡು ಹೋಗಬೇಕಾಯಿತು. ಅವಳು ನನ್ನನ್ನು ನೋಡಿದಳು. ಬಯ್ದಿದ್ದರೆ ವಾಸಿಯಿತ್ತು.

ಅಮಾವಾಸ್ಯೆಯ ದಿನ ತುಳಿಯುತ್ತಿದ್ದಾಗ ಪಕ್ಕದ ಮನೆಯಲ್ಲಿ ಗಲಾಟೆ ಕೇಳಿಸಿತು. ನೀಲಕ್ಕ ಮನೆಯವರನ್ನೆಲ್ಲ ಒಳಗೆ ಅಟ್ಟುತ್ತಿದ್ದಳು. ಗಂಡ, ಮಗ, ಸೊಸೆ, ಮೊಮ್ಮಕ್ಕಳು. "ಇವತ್ತಿಂದ ಯಾರಾದರೂ ಮುಂಬಾಗಿಲಿಂದ ಹೊರಗೆ ಕಾಲಿಟ್ಟರೆ ಕಾಲು ಮುರೀತೀನಿ."

"ನಿನಗೇನು ತಲೆ ಕೆಟ್ಟಿದೆಯಾ? ಅಪ್ಪನ್ನ ಆಸ್ಪತ್ರೆಗೆ ಹಿತ್ತಲಿಂದ ಹೊತ್ಕೊಂಡು ಹೋಗೋದಾ?" ಎಂದ ಅವಳ ಗಂಡ.

ಒಳಗಿನಿಂದ ತಿಪ್ಪಣ್ಣಜ್ಜನ ದನಿ ಬಂತು. "ಹೊತ್ಕೊಂಡು ಹೋಗ್ರೋ. ಹೇಗೂ ಮುಂದೊಂದು ದಿನ ಹೊರಬೇಕಲ್ಲ, ಅಭ್ಯಾಸ ಆಗಲಿ."

ನೀಲಕ್ಕ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದಳು. ಹೊಸ್ತಿಲು ದಾಟಲಿಲ್ಲ. "ಅವತ್ತು ನಾವು ಊರಲ್ಲಿ ಇರಲಿಲ್ಲ ಇಂದು. ಈಗ ಊರಲ್ಲಿದ್ದೂ ಒಳಗಿರ್ತೀವಿ. ಇವತ್ತಿಗೆ ನನ್ನ ಕೈಲಾಗೋದು ಇಷ್ಟೇ," ಎಂದು ಬಾಗಿಲು ಹಾಕಿಕೊಂಡಳು. ಬಾಗಿಲಿಗೆ ಹೊರಗಿನಿಂದ ಒಂದು ಕೆಂಪು ಬಟ್ಟೆ ಕಟ್ಟಿದ್ದಳು, ಇನ್ನು ಇಲ್ಲಿ ಸರಿದು ನಿಲ್ಲಬೇಕೆಂದು ಗಾಡಿಯವರಿಗೆ ತಿಳಿಯಲಿ ಎಂದು.

ಹುಣ್ಣಿಮೆಗೆ ಆ ಬಟ್ಟೆ ಗಿರಣಿಯವನ ಬಾಗಿಲಿಗೆ ಹೋಯಿತು. ಗಿರಾಕಿಗಳು ಹಿತ್ತಲಿನಿಂದಲೇ ಜೋಳ ಹೊತ್ತು ಬಂದರು. ಒಂಬತ್ತು ಜನರ ಮನೆಯವರು ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿದರು, ನಡುವೆ ಒಂದು ದಿನ ಕಳ್ಳತುಳಿತ ತುಳಿದು ಸಿಕ್ಕಿಬಿದ್ದರು. ಎರಡು ಮನೆಯವರು ಕೊನೆಗೂ ಒಪ್ಪಲಿಲ್ಲ, ಸಭೆಗೆ ಬರುವುದನ್ನೇ ಬಿಟ್ಟರು. ಗುರುಪಾದಪ್ಪನವರು ತಮ್ಮ ಸರದಿಯ ಮೊದಲ ದಿನ ಓಣಿಯಲ್ಲಿ ಜಾರಿ ಬಿದ್ದು ಮಂಡಿ ತರಚಿಕೊಂಡರು. ಮುಂದಿನ ಭಾನುವಾರವೇ ಚರಂಡಿಗೆ ಚಪ್ಪಡಿ ಹಾಸಬೇಕೆಂದು ಸಭೆ ತೀರ್ಮಾನಿಸಿತು. ವರ್ಷವೆಲ್ಲ ನಾನು ಹಾರಿದ ಚರಂಡಿ ಅದು.

ಫಲಕವನ್ನು ನಾನೇ ಬಿಚ್ಚಿದೆ. ಯಾರೂ ಕೇಳಲಿಲ್ಲ.

ಬೀದಿ ಸುತ್ತಿಕೊಂಡು ಸರದಿ ನನ್ನ ಮನೆಗೂ ಬಂತು. ಮಾಘದ ಅಮಾವಾಸ್ಯೆ. ಬಟ್ಟೆ ತಂದುಕೊಟ್ಟವಳು ಖಾಜಾಬಿ. "ನಿಮಗೆ ಕಷ್ಟ ಏನಿಲ್ಲ ಬಿಡಿ ಅಮ್ಮ, ಅಭ್ಯಾಸ ಇದೆ," ಎಂದಳು. ಹೌದೆಂದು ಬಾಗಿಲಿಗೆ ಕಟ್ಟಿ ಚಿಲಕ ಹಾಕಿದೆ.

ಮೊದಲ ದಿನ ಏನೂ ಅನಿಸಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಕಾಫಿ ಸೋಸಿ ಲೋಟ ಕೆಳಗಿಟ್ಟವಳಿಗೆ ಕಾಲು ಒಂದು ಕಡೆ ನಿಲ್ಲಲಿಲ್ಲ. ಪಡಸಾಲೆಯಲ್ಲಿ ಬಾಗಿಲಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ತಿರುಗಿದೆ. ಆಚೆ ಒಂದು ಗಾಡಿ ಸರಿದು ನಿಂತಿತು, ಇನ್ನೊಂದು ನಿಧಾನವಾಗಿ ದಾಟಿತು. ಗಾಲಿಕುರ್ಚಿಯ ಚಕ್ರ ಕಿರುಗುಟ್ಟುತ್ತ ಹೋಯಿತು. ಜೊತೆಗೆ ಬೇರೆ ಯಾರ ಹೆಜ್ಜೆಯ ಸದ್ದೂ ಇರಲಿಲ್ಲ. ನೀಲಕ್ಕ ತನ್ನ ಬಾಗಿಲ ಮುಂದೆ ಸೊಸೆಯನ್ನು ಬಯ್ಯುತ್ತ ತುಳಿಯುತ್ತಿದ್ದಳು.

ಹೊರಗೆ ಹೋಗಬೇಕು ಎನಿಸಿತು. ಅವನು ಹೋದ ಮೇಲೆ ಏನಾದರೂ ಬೇಕು ಅನಿಸಿದ್ದು ಅದೇ ಮೊದಲು. ಹುಣ್ಣಿಮೆ ದೂರವಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲಿನ ಒಳಗೇ ನಿಂತೆ.